ಪುಟದ ಅಂಚಿನ ಜಗಳ

ಶೇಂಗಾ ಕಿತ್ತು ಮುಗಿದ ಹೊಲಗಳಿಗೆ ಕುರಿ ಬಿಡುವ ಕಾಲ. ಊರ ಕುರಿ ಮೇಯುತ್ತಿದ್ದ ಕಾವಲಿನ ಹುಲ್ಲುಗಾಡಿಗೆ ಈಚೆಗೆ ಸರ್ಕಾರ ಹಾಕಿದ ಬೇಲಿಯ ಗೇಟಿನಲ್ಲಿ ಚಿಕ್ಕೀರಪ್ಪನ ಮಂದೆ ನಿಂತಿತ್ತು. ಗೇಟು ಕಾಯುವ ಬಾಲರಾಜ್ ಅವನ ಚೀಲದಿಂದ ರೊಟ್ಟಿ ಗಂಟಿನ ಜೊತೆ ಒಂದು ಪುಸ್ತಕವನ್ನೂ ಹೊರಗೆ ತೆಗೆದ. ಭಯೋತ್ಪಾದನೆಗೂ ಆಧುನಿಕತೆಗೂ ಇರುವ ನಂಟಿನ ಬಗ್ಗೆ ಬರೆದ, ಚಳ್ಳಕೆರೆ ಲೈಬ್ರರಿಯ ಪುಸ್ತಕ.

“ಕುರಿ ಕಾಯೋನಿಗೆ ಬಾಂಬಿನ ಪುಸ್ತಕ ಯಾಕ್ಲೇ?”

“ಬಾಂಬು ಹೆಂಗೆ ಮಾಡ್ತಾರೆ ಅಂತ ಬರ್ದಿಲ್ಲ ಸಾ. ಯಾಕೆ ಮಾಡ್ತಾರೆ ಅಂತ ಬರ್ದೈತೆ.”

ಬಾಲರಾಜ್ ಹುಡುಕದೆಯೇ ಒಂದು ಪುಟ ಬಿಚ್ಚಿದ. ಅಂಚಿನಲ್ಲಿ ಯಾರೋ ನೀಲಿ ಪೆನ್ನಿನಿಂದ ‘ಇದು ಕೊಲೆಗಡುಕರ ಪರ ವಕಾಲತ್ತು’ ಎಂದು ಬರೆದಿದ್ದರು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ‘ಅಲ್ಲ. ಬೇಲಿ ಬರುವ ಮುಂಚೆ ಇಲ್ಲಿ ಯಾರಿಗೂ ಯಾರ ಮೇಲೂ ಅನುಮಾನ ಇರಲಿಲ್ಲ’ ಎಂದಿತ್ತು.

“ಈ ಪೆನ್ಸಿಲ್ ಯಾರ್ದು? ನಿಜ ಹೇಳು. ಇಲ್ಲಾಂದ್ರೆ ನಾಳೆಯಿಂದ ಈ ದಾರಿ ಬಂದ್.”

ಈ ದಾರಿ ತಪ್ಪಿದರೆ ಕುರಿಗಳ ನೀರಿಗೆ ಎರಡು ಹರದಾರಿ ಸುತ್ತು. ಚಿಕ್ಕೀರಪ್ಪ ಮೇಜಿನ ಮೇಲಿದ್ದ ಗೇಟಿನ ರಿಜಿಸ್ಟರ್ ನೋಡಿದ. ಬಾಲರಾಜ್ ದಿನಾ ಅದರಲ್ಲಿ ಅವನ ಹೆಸರು ಬರೆಯುತ್ತಿದ್ದ. ಅದೇ ನೀಲಿ, ಅಕ್ಷರಗಳಿಗೆ ಅದೇ ಉದ್ದನೆಯ ಬಾಲ. ನೂರು ಕುರಿಯ ಮುಖ ಬೇರೆ ಬೇರೆಯಾಗಿ ನೆನಪಿಡುವವನಿಗೆ ಆ ಕೈಬರಹ ಗುರುತಿಸುವುದೇನೂ ಕಷ್ಟವಾಗಲಿಲ್ಲ.

“ಪೆನ್ಸಿಲ್ ನಂದೇ ಸಾ. ನೀಲಿ ಪೆನ್ನು ಯಾರ್ದು ಅಂತ ನಾನು ಕೇಳಲ್ಲ ಬಿಡಿ.”

ಬಾಲರಾಜ್ ರಿಜಿಸ್ಟರ್ ಮುಚ್ಚಿ, ಎದ್ದು ಗೇಟು ತೆಗೆದ. ಪುಸ್ತಕ ಮಾತ್ರ ವಾಪಸ್ ಕೊಡಲಿಲ್ಲ.

“ನಾಳೆ ಇಸ್ಕೊಂಡೋಗು,” ಎಂದ, ಪೆನ್ನಿನ ಮುಚ್ಚಳ ತೆಗೆಯುತ್ತ. “ನಿಂಗೆ ನಂದೊಂದು ಉತ್ತರ ಬಾಕಿ ಐತೆ.”