ಇನ್ನೊಬ್ಬ ಡೆಲ್ಲಾ ಮೇಬ್ರಿ

ಶನಿವಾರದ ಮಧ್ಯಾಹ್ನದ ನಾಟಕ ಮುಗಿಸಿ, ವಿಗ್ಗು ತೆಗೆದಿಟ್ಟು, ಡೆಲ್ಲಾ ಮೇಬ್ರಿ ಇನ್ನೇನು ಸ್ಯಾಂಡ್‌ವಿಚ್ಚಿಗೆ ಬಾಯಿ ಹಾಕಬೇಕು ಎನ್ನುವಾಗ, ಆಕೆಯ ಹೆಸರು ಕೇಳಲು ಒಬ್ಬ ಬಂದ. ನಿಮ್ಮ ಹೆಸರೇನು ಎಂದು ಕೇಳಲು ಅಲ್ಲ, ಆ ಹೆಸರನ್ನೇ ಬಿಟ್ಟುಕೊಡಿ ಎಂದು ಕೇಳಲು.

ಬಂದವನು ಹೋಲ್ಟ್ಸ್, ಲಾಸ್ ಏಂಜಲೀಸ್‌ನ ಏಜೆಂಟು. ಅವನು ನೋಡಿಕೊಳ್ಳುವ ನಟಿಯೊಬ್ಬಳಿಗೆ ಇಪ್ಪತ್ತಮೂರು ವರ್ಷ. ಹುಟ್ಟಿದಾಗ ಅಪ್ಪ ಅಮ್ಮ ಇಟ್ಟ ಹೆಸರು ಡೆಲ್ಲಾ ಮೇಬ್ರಿ. ಆದರೆ ನಟರ ಸಂಘದಲ್ಲಿ ಒಂದು ಹೆಸರಿಗೆ ಒಬ್ಬರೇ. ಮೊದಲು ಬರೆಸಿದವರು ತಾವಾಗಿ ಬಿಡಬೇಕು, ಇಲ್ಲವೇ ಸಾಯಬೇಕು. ಅಲ್ಲಿಯವರೆಗೆ ಬೇರೆಯವರು ಇನ್ನೇನಾದರೂ ಹೆಸರು ಹುಡುಕಿಕೊಳ್ಳಬೇಕು. ಹುಡುಗಿ ಇಷ್ಟು ದಿನ ಡೆಲ್ಲಾ ರೇ ಎಂಬ ಹೆಸರಿನಲ್ಲಿ ಟಿವಿಯಲ್ಲಿ ಕಾಲ ಹಾಕಿದ್ದಳು. ಈಗ ದೊಡ್ಡ ಸಿನಿಮಾ ಸಿಕ್ಕಿದೆ, ಪೋಸ್ಟರು ಅಚ್ಚಿಗೆ ಹೋಗಬೇಕು. ಇಷ್ಟನ್ನೂ ಬೆಣ್ಣೆ ಸವರಿದ ಹಾಗೆ ಹೇಳಿ, ಸಹಿ ಹಾಕಬೇಕಾದ ಹಾಳೆಯನ್ನು ಅವನು ಪೌಡರ್ ಡಬ್ಬಿಯ ಪಕ್ಕದಲ್ಲಿಟ್ಟ.

ಡೆಲ್ಲಾಗೆ ಎಪ್ಪತ್ತೊಂದು. ಮೂವತ್ತೊಂಬತ್ತು ವರ್ಷಗಳಿಂದ ಆ ಹೆಸರು ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್, ಶಿಕಾಗೊಗಳ ರಂಗಮಂದಿರದ ಗೋಡೆಗಳ ಮೇಲಿತ್ತು. ರಂಗದ ಮೇಲೆ ಆಕೆ ರಾಣಿಯಾಗಿದ್ದಳು, ನ್ಯಾಯಾಧೀಶೆಯಾಗಿದ್ದಳು, ಗಂಡನಿಗೆ ವಿಷ ಹಾಕಿ ಚಪ್ಪಾಳೆ ಗಿಟ್ಟಿಸಿದ್ದಳು. ಪರದೆಯ ಮಾತು ಬೇರೆ. ಸಿನಿಮಾದವರಿಗೆ ಈ ಕಪ್ಪು ಹೆಂಗಸಿನಲ್ಲಿ ಕಂಡದ್ದು ಬರೀ ನರ್ಸು. ‘ಡಾಕ್ಟರು ಈಗ ಬರ್ತಾರೆ’ ಎಂಬ ಒಂದೇ ಮಾತನ್ನು ಹತ್ತೊಂಬತ್ತು ಸಿನಿಮಾಗಳಲ್ಲಿ ಹೇಳಿ ಬಂದಿದ್ದಳು.

“ನಾನ್ಯಾಕೆ ಬಿಡಬೇಕು?” ಎಂದಳು.

“ನಿಮಗೇನೂ ನಷ್ಟ ಇಲ್ಲ ಮೇಡಂ. ನೀವು ಸಿನಿಮಾ ಮಾಡಿ ಹನ್ನೊಂದು ವರ್ಷ ಆಯ್ತು. ಈ ಎರಡು ಮೂರು ಊರು ಬಿಟ್ರೆ ಹೊರಗಡೆ ಈ ಹೆಸರು ಯಾರಿಗೂ ಗೊತ್ತೇ ಇಲ್ಲ. ನಮ್ಮ ಹುಡುಗಿ ಇಟ್ಕೊಂಡ್ರೆ ಹೆಸರಿಗೂ ಒಂದು ಬೆಲೆ ಬರುತ್ತೆ.”

ಡೆಲ್ಲಾಳ ಮೈಯೆಲ್ಲ ಉರಿದುಹೋಯಿತು. ಬೆಲೆಯಂತೆ ಬೆಲೆ. ಸ್ಯಾಂಡ್‌ವಿಚ್ಚನ್ನು ಅವನ ಹಾಳೆಯ ಮೇಲೆಯೇ ಕುಕ್ಕಿದಳು. ಯಾರಿಗೂ ಗೊತ್ತಿಲ್ಲದ ಹೆಸರಿಗೆ ವಿಮಾನ ಹತ್ತಿ ಬಂದಿದ್ದೀಯಲ್ಲ, ನಾಚಿಕೆಯಾಗಬೇಕು ನಿನಗೆ, ಮೊದಲು ಎದ್ದು ಹೊರಗೆ ನಡಿ ಎಂದಳು. ಮೂರನೇ ಮಹಡಿಯ ಕೊನೆಯ ಸಾಲಿಗೂ ಮುಟ್ಟುವ ದನಿ ಅದು. ಹೋಲ್ಟ್ಸ್ ಮಾತ್ರ ಏಳಲಿಲ್ಲ. ಅವನ ಕಣ್ಣು ಡೆಲ್ಲಾಳ ಬಾತುಕೊಂಡ ಪಾದಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು.

“ಬಲವಂತ ಏನಿಲ್ಲ ಮೇಡಂ. ಅವಳಿಗಿನ್ನೂ ಇಪ್ಪತ್ತಮೂರು. ಕಾಯ್ತಾಳೆ.”

ಹೀಗೆಂದವನೇ ಫೋನು ಮಾಡಿ, ಹುಡುಗಿಯ ಹತ್ತಿರ ಒಂದು ಮಾತಾಡಿಬಿಡಿ ಎಂದು ಅದನ್ನು ಆಕೆಯ ಕೈಗೆ ತುರುಕಿದ. ಹುಡುಗಿ ಹೆಸರಿನ ಸುದ್ದಿಯನ್ನೇ ಎತ್ತಲಿಲ್ಲ. ಸಕ್ಕರೆಯಂಥ ದನಿ.

“ಆರಾಮಿದೀರಾ ಅಮ್ಮ? ಅಲ್ಲಿ ಮೆಟ್ಟಿಲು ಜಾಸ್ತಿ ಅಂತೆ, ಹತ್ತೋವಾಗ ಏದುಸಿರು ಬರಲ್ವಾ? ಎದೆನೋವು ಗಿದೆನೋವು ಏನಿಲ್ಲ ತಾನೆ? ನಾನು ಆಗಾಗ ಫೋನ್ ಮಾಡಿ ವಿಚಾರಿಸ್ಕೊಳ್ಲಾ?”

ಆ ಸಕ್ಕರೆ ಡೆಲ್ಲಾಗೆ ಹೊಸದಲ್ಲ. ತಾನೂ ಇಪ್ಪತ್ತಮೂರರ ಹುಡುಗಿಯಾಗಿ ಸಂಘಕ್ಕೆ ಸೇರಲು ಹೋದಾಗ, ಡೆಲ್ಲಾ ಮೇಬ್ರಿ ಅಂತ ಆಗಲೇ ಒಬ್ಬಳಿದ್ದಾಳೆ ಎಂದು ಗುಮಾಸ್ತೆ ತಲೆಯೆತ್ತದೆ ಹೇಳಿದ್ದಳು. ಆ ಮೊದಲಿನ ಡೆಲ್ಲಾ ಮೇಬ್ರಿ ಒಬ್ಬ ಬಿಳಿ ಮುದುಕಿ. ಒಂದು ಕಾಲದಲ್ಲಿ ಸಂಗೀತ ನಾಟಕಗಳಲ್ಲಿ ಹಿಂದಿನ ಸಾಲಿನಲ್ಲಿ ಕುಣಿದವಳು, ಆಗ ನ್ಯೂಯಾರ್ಕ್‌ನ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಳು. ಈ ಡೆಲ್ಲಾ ಒಂಬತ್ತು ವರ್ಷ ಡೆಲ್ಲಾ ಮೇ ಬೆಲ್ ಎಂಬ ಹೆಸರು ಹೊತ್ತು ತಿರುಗಿದಳು, ಒಂಬತ್ತು ವರ್ಷ ತಿಂಗಳಿಗೊಮ್ಮೆ ಆಶ್ರಮಕ್ಕೆ ಫೋನು ಮಾಡಿದಳು. ಊಟ ಸೇರುತ್ತಾ ಅಜ್ಜಿ, ಉಸಿರಾಟ ಹೇಗಿದೆ, ಡಾಕ್ಟರು ಏನಂದರು? ತನ್ನ ಕುಣಿತವನ್ನು ನೆನಪಿಟ್ಟುಕೊಂಡವಳು ಒಬ್ಬಳಾದರೂ ಇದ್ದಾಳೆಂದು ಮುದುಕಿ ಹಿಗ್ಗಿ ಹೋಗಿದ್ದಳು. ಫೋನು ಬರುವ ದಿನ ಲಿಪ್‌ಸ್ಟಿಕ್ ಹಚ್ಚಿಸಿಕೊಂಡು ಕೂರುತ್ತಾಳೆಂದು ಆಶ್ರಮದವರು ಹೇಳಿದ್ದರು. ಅವಳು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಡೆಲ್ಲಾ ‘ಅಯ್ಯೋ ಪಾಪ’ ಎಂದು ಫೋನಿಟ್ಟು, ಕಾಫಿಯನ್ನೂ ಕುಡಿಯದೆ ಸಂಘದ ಕಚೇರಿಗೆ ಬಸ್ಸು ಹಿಡಿದಿದ್ದಳು. ಹೆಣ ಇನ್ನೂ ಮಣ್ಣಾಗಿರಲಿಲ್ಲ.

ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಯಾರ ಮೇಲೆ ಎಂಬುದೇ ಈಗ ಗೊಂದಲ. ಕಾಲು ನೋಡುತ್ತ ಕುಳಿತ ಈ ಹೋಲ್ಟ್ಸ್ ಮೇಲೆ, ಒಂದು ಹೆಸರಿಗೆ ಒಂದು ಹೆಣ ಕೇಳುವ ಸಂಘದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಂದು ಬಸ್ಸಿನ ಹಿಂದೆ ಓಡಿದ ಆ ಹುಡುಗಿಯ ಮೇಲೆ.

“ಹಲೋ? ಅಮ್ಮ? ಕೇಳಿಸ್ತಿದೆಯಾ?”

“ಕೇಳಿಸ್ತಿದೆ ಮಗಳೇ,” ಎಂದಳು ಡೆಲ್ಲಾ. “ಆಗಾಗ ಬೇಡ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮಾಡು, ಒಂದು ವಾರವೂ ತಪ್ಪಿಸ್ಬೇಡ. ಇನ್ನೂ ಸತ್ತಿಲ್ಲ ಅಂತ ನಾನೇ ಫೋನೆತ್ತಿ ಹೇಳ್ತೀನಿ.”