ಮಳೆ ಕಟ್ಟಿದ ಬೆಲೆ

ಕಣದ ಹೊತ್ತಿಗೆ ಸುರಿದ ಅಕಾಲ ಮಳೆಗೆ ಊರವರ ಹುಲ್ಲೆಲ್ಲ ಕೊಳೆತುಹೋಗಿತ್ತು. ಚಿಕ್ಕತಾಯಮ್ಮನ ಪಕ್ಕದ ಮನೆಯವನ ಬಣವೆಯೊಂದೇ ಗರಿಗರಿಯಾಗಿ ಉಳಿದಿತ್ತು. ಅವಳು ಅವನ ಹಿತ್ತಲ ಬೇಲಿಯವರೆಗೆ ಬಂದು ಒಳಗೆ ಕಾಲಿಡಲು ನಾಚಿ ನಿಂತಳು. ಅವಳ ಮನೆಯವರಿಗೆ ಹುಲ್ಲು ಕೊಟ್ಟು ಗೊತ್ತೇ ಹೊರತು ಕೇಳಿ ಗೊತ್ತಿರಲಿಲ್ಲ.

“ಹಸ ಕರ ಹಾಕೈತೆ ಕಣಣ್ಣ. ಒಂದು ಹೊರೆ ಹುಲ್ಲು ಬೇಕಿತ್ತು,” ಅಂದಳು, ನೆಲ ನೋಡುತ್ತ.

“ಕೊಡ್ತೀನಿ ಕಣವ್ವ. ಆದ್ರೆ ಹೋದ ವರ್ಷದ ರೇಟಿಗಲ್ಲ. ಈಗ ಎರಡರಷ್ಟಾಗೈತೆ.”

“ನಮಗೂ ಅಷ್ಟೇನಾ?”

“ನಾನೇನು ಬೇಕೂಂತ ಏರಿಸಿದ್ನಾ? ಎಲ್ಲೂ ಹುಲ್ಲಿಲ್ಲ. ಇದು ಮಳೆ ಕಟ್ಟಿರೋ ಬೆಲೆ. ನೀವೂ ಮೊದ್ಲೇ ಹುಷಾರಾಗಿ ಹೊದಿಸ್ಕಂಡಿದ್ರೆ ಇವತ್ತು ಹಿಂಗೆ ಕೈಯೊಡ್ಡಬೇಕಿತ್ತಾ?”

ಅವಳ ಮುಖ ಸಣ್ಣದಾಯಿತು. ಸೆರಗಿನ ಗಂಟು ಬಿಚ್ಚಿ ಕೇಳಿದಷ್ಟನ್ನೂ ಕೊಟ್ಟಳು. ಹೊರೆ ಹೊತ್ತು ಹೊರಡುವಷ್ಟರಲ್ಲಿ ಮತ್ತೆ ಹನಿ ಶುರುವಾಯಿತು. ಅವಳು ತಿರುಗಿ ಬಣವೆಯ ನೆತ್ತಿಯ ಕಡೆ ನೋಡಿದಳು.

“ಅಣ್ಣ, ಅವತ್ತು ಮೋಡ ಕಟ್ಟಿದಾಗ ಈಸ್ಕಂಡು ಹೋಗಿದ್ಯಲ್ಲ, ನಮ್ಮ ಟಾರ್ಪಾಲು, ಅದನ್ನ ಈಗ ಕೊಡ್ತೀಯಾ? ಈ ಹೊರೆಗಾದ್ರೂ ಹೊದಿಸ್ಕತೀನಿ.”