ಸಾಕಮ್ಮನ ವಯಸ್ಸು

ಹೊರಗೆ ಬೀಗ ಹಾಕಿದ್ದ ಮನೆಯೊಳಗಿಂದ ಕೂಸುಗಳ ಅಳು ಕೇಳಿ ನೀಲಗಂಗಮ್ಮ ನಿಂತರು. ೧೯೬೨ರ ಜೂನ್. ಶಾಲೆಗೆ ಸೇರಬೇಕಾದ ಮಕ್ಕಳ ಹೆಸರು ಬರೆದುಕೊಳ್ಳಲು ಈ ಶಾಲಾ ಉಪಾಧ್ಯಾಯಿನಿ ಬೈರಸಂದ್ರದಲ್ಲಿ ಮನೆಮನೆ ಸುತ್ತುತ್ತಿದ್ದರು. ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗೆ ನೋಡಿದರು.

ಐದು ಕೂಸುಗಳು. ಒಂದು ಸೀರೆಯ ಜೋಲಿಯಲ್ಲಿ, ಎರಡು ಬರಿನೆಲದ ಮೇಲೆ. ಅಂಬೆಗಾಲಿಡುವ ಒಂದನ್ನು ಒಲೆಯ ಕಡೆ ಹೋಗದಂತೆ ಸೊಂಟಕ್ಕೆ ಬಟ್ಟೆ ಬಿಗಿದು ಕಂಬಕ್ಕೆ ಕಟ್ಟಲಾಗಿತ್ತು. ಐದನೆಯದನ್ನು ಪುಟ್ಟ ಹುಡುಗಿಯೊಬ್ಬಳು ತೊಡೆಯ ಮೇಲೆ ಹಾಕಿಕೊಂಡು, ತಣ್ಣನೆ ಮುದ್ದೆಯನ್ನು ತಾನು ಅಗಿದು ಅದರ ಬಾಯಿಗೆ ಇಡುತ್ತಿದ್ದಳು. ಅಮ್ಮ ಜಯನಗರಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದಾಳೆ, ತನ್ನ ಹೆಸರು ಸಾಕಮ್ಮ, ತೊಡೆಯ ಮೇಲಿರುವವನು ತಮ್ಮ, ಉಳಿದವು ಅಕ್ಕಪಕ್ಕದ ಮನೆಯವು ಎಂದು ತಲೆ ಎತ್ತದೆಯೇ ಹೇಳಿದಳು.

ನೀಲಗಂಗಮ್ಮ ಜಯನಗರದ ಹೊಸ ಬಡಾವಣೆಗೆ ಓಡಿದರು. ಸಾಕಮ್ಮನ ತಾಯಿ ಮಂಗಮ್ಮ ಅಲ್ಲಿ ಮರಳು ಹೊರುತ್ತಿದ್ದಳು. ಮನೆಗೆ ಬೆಂಕಿ ಬಿದ್ದರೆ ಆ ಮಕ್ಕಳ ಗತಿ ಏನೆಂದು ಎಲ್ಲರೆದುರೇ ಬೈದರು. ಮಂಗಮ್ಮ ಬಾಂಡ್ಲಿ ಕೆಳಗಿಟ್ಟಳು.

"ಮೊದ್ಲು ಇಲ್ಲಿಗೇ ಕರ್ಕೊಂಡು ಬರ್ತಿದ್ದೆ, ಮೇಷ್ಟ್ರಮ್ಮ. ಹೋದ ವರ್ಷ ನನ್ನ ಎರಡ್ನೇ ಮಗಳು ಸುಣ್ಣದ ಗುಂಡಿಗೆ ಬಿದ್ಲು. ಎತ್ತೋ ಹೊತ್ಗೆ ಮುಗ್ದೋಗಿತ್ತು. ಅವತ್ನಿಂದ ಬೀಗ ಹಾಕ್ತಾ ಇದೀನಿ."

ನೀಲಗಂಗಮ್ಮ ಬೀಗದ ಕೈ ಇಸಿದುಕೊಂಡು ಹಿಂದಿರುಗಿದರು.

ಕೂಲಿ ಮಾಡುವ ತಾಯಂದಿರ ಮಕ್ಕಳಿಗೆ ಸರ್ಕಾರವೇ ಶಿಶುವಿಹಾರ ನಡೆಸಬೇಕೆಂದು ಆ ವಾರವೇ ಅರ್ಜಿ ಬರೆದು, ಊರಿನ ಹೆಂಗಸರಿಂದ ಹೆಬ್ಬೆಟ್ಟು ಒತ್ತಿಸಿ, ಕಚೇರಿಗೆ ಒಯ್ದರು. ಅಧಿಕಾರಿ ಗಂಗಾಧರಯ್ಯ ಒಳ್ಳೆಯವರೇ. ತಾಳ್ಮೆಯಿಂದ ಓದಿದರು.

"ಈಗ ಆ ಮಕ್ಕಳನ್ನ ಯಾರು ನೋಡ್ಕೋತಿದ್ದಾರೆ?"

"ಸಾಕಮ್ಮ ಅಂತ, ಸಾರ್. ಒಬ್ಬಳೇ ಐದು ಕೂಸು ನೋಡ್ಕೋತಾಳೆ."

"ಅನುಭವ ಇರೋರು. ಆಯಾ ಕೆಲಸಕ್ಕೆ ಅವರನ್ನೇ ತಗೊಳ್ಳೋಣ. ವಯಸ್ಸೆಷ್ಟು?"

"ಆರು."

ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ಮತ್ತೊಮ್ಮೆ ಕೇಳಿದರು. ನೀಲಗಂಗಮ್ಮ ಮತ್ತೊಮ್ಮೆ ಅದನ್ನೇ ಹೇಳಿದರು. ಮರುದಿನ ಗಂಗಾಧರಯ್ಯ ತಾವೇ ಬೈರಸಂದ್ರಕ್ಕೆ ಬಂದರು. ಆ ಕಿಟಕಿಯ ಮುಂದೆ ನಿಂತು ಒಳಗೆ ನೋಡಿ, ಕಚೇರಿಗೆ ಮರಳಿ ಅರ್ಜಿಯನ್ನು ಮಂಜೂರಿಗೆ ಕಳಿಸಿದರು.

ದೀಪಾವಳಿ ಕಳೆದ ಮೇಲೆ ಶಾಲೆಯ ಪಕ್ಕದಲ್ಲಿ ಶಿಶುವಿಹಾರ ತೆರೆಯಿತು. ಸರ್ಕಾರದ ಸಂಬಳದ ಇಬ್ಬರು ಆಯಾಗಳು ಬಂದರು. ಮೊದಲ ದಿನ ಸಾಕಮ್ಮ ತಮ್ಮನನ್ನು ಅವರ ಕೈಗೆ ಕೊಟ್ಟು, ಒಂದನೇ ತರಗತಿಗೆ ಬಂದು ಮಣೆಯ ಮೇಲೆ ಕುಳಿತಳು.

ನೀಲಗಂಗಮ್ಮ ಬೋರ್ಡಿನ ಮೇಲೆ 'ಅ' ಬರೆದು ತಿರುಗುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ನಕ್ಕ ಮಕ್ಕಳನ್ನು ಅವರು ಸುಮ್ಮನಿರಿಸಿದರು. ಮಧ್ಯಾಹ್ನದ ಗಂಟೆಗೂ ಅವಳು ಏಳಲಿಲ್ಲ, ಸಂಜೆಯ ಗಂಟೆಗೂ ಏಳಲಿಲ್ಲ. ಕೆಲಸ ಮುಗಿಸಿ ಬಂದ ಮಂಗಮ್ಮ ಎಬ್ಬಿಸಲು ಬಗ್ಗಿದವಳು, ಮನಸ್ಸು ಬದಲಿಸಿ, ಹಿರಿಮಗಳನ್ನು ಕೂಸಿನಂತೆ ಹೆಗಲಿಗೆ ಹಾಕಿಕೊಂಡು ನಡೆದಳು.